ಕಳ್ಳನನ್ನು ಎಲ್ಲಿ ಬಚ್ಚಿಡಬೇಕು?

ಪತ್ತೇದಾರಿ ಕಾದಂಬರಿ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಅಪರಾಧದ ಬಗ್ಗೆ. ವಿಷವೋ ಚಾಕುವೋ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಬೇಕೋ ಬೇಡವೋ, ಶವ ಬಾವಿಯಲ್ಲಿ ಸಿಗಬೇಕೋ ಹಿತ್ತಲಲ್ಲಿ ಸಿಗಬೇಕೋ ಎಂಬುದೆಲ್ಲ ಒಂದು ಸಂಜೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ನಿಜವಾದ ತೊಡಕು ಬರುವುದು ಆಮೇಲೆ. ಅಪರಾಧ ಮಾಡಿದವನು ಮೊದಲ ಅಧ್ಯಾಯಗಳಿಂದಲೇ ಓದುಗನ ಕಣ್ಣೆದುರು ಓಡಾಡುತ್ತಿರಬೇಕು. ಮಾತಾಡಬೇಕು, ಎಲ್ಲರೊಡನೆ ಕುಳಿತು ಊಟ ಮಾಡಬೇಕು, ಸಾಧ್ಯವಾದರೆ ನಾಲ್ಕು ಜನರಿಗೆ ಉಪಕಾರವನ್ನೂ ಮಾಡಬೇಕು. ಅಷ್ಟಾದರೂ ಓದುಗನ ಕಣ್ಣಿಗೆ ಅವನು ಬೀಳಬಾರದು. ಮುನ್ನೂರು ಪುಟಗಳ ಮೇಲೆ ಎಲ್ಲಿಂದಲೋ ಬಂದಿಳಿದ ಸೋದರಮಾವನನ್ನು ತೋರಿಸಿ ‘ಇವನೇ ಕಳ್ಳ’ ಎಂದರೆ ಓದುಗ ಪುಸ್ತಕವನ್ನು ಮೂಲೆಗೆಸೆಯುತ್ತಾನೆ. ಎಸೆಯುವುದೂ ನ್ಯಾಯವೇ.

ಹಾಗಾದರೆ ಕಳ್ಳನನ್ನು ಎಲ್ಲಿ ಬಚ್ಚಿಡಬೇಕು? ಈ ಪ್ರಶ್ನೆಗೆ 1868ರಲ್ಲಿ ಒಬ್ಬ ಇಂಗ್ಲಿಷ್ ಲೇಖಕ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ಆತನ ಹೆಸರು ವಿಲ್ಕಿ ಕಾಲಿನ್ಸ್, ಕೃತಿ ‘ದಿ ಮೂನ್‌ಸ್ಟೋನ್’. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೂ ಅತ್ಯುತ್ತಮವಾದದ್ದೂ ಇದೇ ಎಂದು ಕವಿ ಟಿ. ಎಸ್. ಎಲಿಯಟ್ 1927ರಲ್ಲಿ ಬರೆದರು. ‘ಮೊದಲನೆಯದು’ ಎಂಬ ಮಾತನ್ನು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ, ಅದು ಬೇರೆ ವಿಷಯ. ಕನ್ನಡಿಗರಿಗೆ ಈ ಪುಸ್ತಕದಲ್ಲಿ ಇನ್ನೊಂದು ಆಸಕ್ತಿಯೂ ಇದೆ. ಅದರ ಕಥೆ ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ.

ಕಾದಂಬರಿ ಹೇಗೆ ಕಟ್ಟಲ್ಪಟ್ಟಿದೆ ಎಂದು ವಿವರಿಸಬೇಕಾದರೆ ಕಳ್ಳ ಯಾರೆಂದು ಹೇಳದೆ ವಿಧಿಯಿಲ್ಲ. ಇನ್ನೂ ಓದಿರದವರು ಕೋಪಿಸಿಕೊಳ್ಳಬಾರದು. ಒಂದೂವರೆ ಶತಮಾನ ಕಾದದ್ದಾಗಿದೆ.

1799ರ ಮೇ 4ರಂದು ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿತು. ಟಿಪ್ಪು ಸುಲ್ತಾನ್ ಮಡಿದ. ಆ ರಾತ್ರಿ ಪಟ್ಟಣದಲ್ಲಿ ನಡೆದ ಸೂರೆ ಎಷ್ಟು ಭೀಕರವಾಗಿತ್ತೆಂದರೆ, ಮರುದಿನ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತಮ್ಮದೇ ಪಡೆಯ ಕೆಲವರನ್ನು ಗಲ್ಲಿಗೇರಿಸಿ ಅದನ್ನು ಹತೋಟಿಗೆ ತರಬೇಕಾಯಿತು. ಅದು ಸಿಪಾಯಿಗಳ ಸೂರೆ. ಅಧಿಕಾರಿಗಳ ಸೂರೆಗೆ ಲೆಕ್ಕಪತ್ರ ಇತ್ತು, ಸಮಿತಿ ಇತ್ತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡುಮಾಡಿ ಹಂಚಲಾಯಿತು. ಅದರ ಚಿನ್ನದ ಹುಲಿಮುಖವೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿದವು. ಬ್ರಿಟಿಷ್ ಸಿಪಾಯಿಯ ಮೇಲೆರಗಿದ ಮರದ ಹುಲಿ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಸಾರ್ವಜನಿಕರ ಕುತೂಹಲದ ವಸ್ತುವಾಯಿತು. ಈಗ ಅದು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕಾಲಿನ್ಸ್ ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಮುತ್ತಿಗೆಯ ಮುಂದಾಳಾಗಿದ್ದ ಜನರಲ್ ಬೇರ್ಡ್‌ನ ಜೀವನಚರಿತ್ರೆಯನ್ನು ಓದಿ, ಅದರ ವಿವರಗಳ ಮೇಲೆ ತನ್ನ ಕಥೆಯ ಪೀಠಿಕೆಯನ್ನು ಕಟ್ಟಿದ.

ಪೀಠಿಕೆಯಲ್ಲಿ ನಡೆಯುವುದಿಷ್ಟು. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ವಜ್ರವೊಂದು ಕೈಯಿಂದ ಕೈಗೆ ದಾಟಿ ಕೊನೆಗೆ ಟಿಪ್ಪುವಿನ ಕಠಾರಿಯ ಹಿಡಿಯನ್ನು ಸೇರಿದೆ. ಹೆಸರು ಚಂದ್ರನದಾದರೂ ಅದು ಚಂದ್ರಕಾಂತ ಶಿಲೆಯಲ್ಲ, ವಜ್ರವೇ. ಅದರ ಕಾವಲಿಗೆ ತಲೆತಲಾಂತರದಿಂದ ಮೂವರು ಬ್ರಾಹ್ಮಣರು ವೇಷ ಮರೆಸಿಕೊಂಡು ಹಿಂದೆಯೇ ಇದ್ದಾರೆ. ಮುತ್ತಿಗೆಯ ರಾತ್ರಿ ಜಾನ್ ಹರ್ನ್‌ಕಾಸಲ್ ಎಂಬ ಅಧಿಕಾರಿ ಆಯುಧಶಾಲೆಗೆ ನುಗ್ಗುತ್ತಾನೆ. ಅವನ ದಾಯಾದಿಯೊಬ್ಬ ಅಲ್ಲಿಗೆ ಬಂದಾಗ ಬಾಗಿಲಲ್ಲಿ ಎರಡು ಹೆಣಗಳು ಬಿದ್ದಿವೆ, ಮೂರನೆಯವನು ಹರ್ನ್‌ಕಾಸಲ್‌ನ ಕಾಲ ಬಳಿ ಸಾಯುತ್ತಿದ್ದಾನೆ. ಹರ್ನ್‌ಕಾಸಲ್‌ನ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಆದರೆ ಕೊಲೆಯಾದುದನ್ನು ಆ ದಾಯಾದಿ ಕಣ್ಣಾರೆ ಕಂಡಿಲ್ಲ. ಸಾಕ್ಷಿಯಿಲ್ಲ ಎಂಬ ಕಾರಣಕ್ಕೆ ಅವನು ದೂರು ಕೊಡುವುದಿಲ್ಲ. ಸಂಬಂಧ ಕಡಿದುಕೊಳ್ಳುತ್ತಾನೆ, ಅಷ್ಟೆ. ಇಡೀ ಕಾದಂಬರಿಯಲ್ಲಿ ಅತ್ಯಂತ ಸ್ಪಷ್ಟವಾದ ಅಪರಾಧ ಇದು. ಇದರ ತನಿಖೆ ನಡೆಯುವುದೇ ಇಲ್ಲ.

ತನಿಖೆ ನಡೆಯುವುದು ಐವತ್ತು ವರ್ಷಗಳ ತರುವಾಯ, ಇಂಗ್ಲೆಂಡಿನ ಸಮುದ್ರತೀರದ ಒಂದು ಶ್ರೀಮಂತ ಮನೆಯಲ್ಲಿ. ಹರ್ನ್‌ಕಾಸಲ್ ಸಾಯುವಾಗ ವಜ್ರವನ್ನು ಸೋದರಸೊಸೆ ರೇಚಲ್‌ಗೆ ಬರೆದಿಟ್ಟಿದ್ದಾನೆ. ಅದು ಪ್ರೀತಿಯ ಕೊಡುಗೆಯೋ ಶಾಪದ ಹಸ್ತಾಂತರವೋ ಹೇಳುವಂತಿಲ್ಲ. 1848ರಲ್ಲಿ, ಅವಳ ಹದಿನೆಂಟನೆಯ ಹುಟ್ಟುಹಬ್ಬದ ದಿನ, ಸೋದರಸಂಬಂಧಿ ಫ್ರಾಂಕ್ಲಿನ್ ಬ್ಲೇಕ್ ಟಿಟ್ಟಿಭದ ಮೊಟ್ಟೆಯಷ್ಟು ದೊಡ್ಡದಾದ ಆ ವಜ್ರವನ್ನು ತಂದು ಅವಳ ಕೈಗಿಡುತ್ತಾನೆ. ಅದೇ ರಾತ್ರಿ ಅದು ಕಾಣೆಯಾಗುತ್ತದೆ.

ಸಂಶಯ ಮೊದಲು ಯಾರ ಮೇಲೆ ಬೀಳುತ್ತದೆ? ಅಂದು ಸಂಜೆ ಮನೆಯ ಮುಂದೆ ಗಾರುಡಿ ಆಟ ಆಡಿಸಿದ ಮೂವರು ಭಾರತೀಯರ ಮೇಲೆ. ಅವರನ್ನು ಹಿಡಿದು ಜೈಲಿಗೂ ಹಾಕುತ್ತಾರೆ, ಆದರೆ ಕಳುವಿನಲ್ಲಿ ಅವರ ಕೈವಾಡ ಇರಲಿಲ್ಲವೆಂದು ಗೊತ್ತಾಗುತ್ತದೆ. ಆಮೇಲೆ ಮನೆಯ ಆಳುಗಳ ಮೇಲೆ, ಅವರಲ್ಲೂ ರೋಸನ್ನಾ ಎಂಬ ಕೆಲಸದವಳ ಮೇಲೆ. ಅವಳು ಹಿಂದೊಮ್ಮೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿದವಳು, ರೂಪವಿಲ್ಲದವಳು, ಒಂದು ಭುಜ ಊನವಾದವಳು. ಲಂಡನ್ನಿನಿಂದ ಬಂದ ಪ್ರಸಿದ್ಧ ಪತ್ತೇದಾರ ಸಾರ್ಜೆಂಟ್ ಕಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೇಚಲಳೇ ತನ್ನ ವಜ್ರವನ್ನು ಅಡಗಿಸಿದ್ದಾಳೆ, ರೋಸನ್ನಾ ಅವಳಿಗೆ ನೆರವಾಗಿದ್ದಾಳೆ ಎಂಬ ತೀರ್ಮಾನಕ್ಕೆ ಬರುತ್ತಾನೆ. ರೋಸನ್ನಾ ಕಡಲ ದಂಡೆಯ ಕುಸಿಮರಳಿಗೆ ಇಳಿದು ಪ್ರಾಣ ಬಿಡುತ್ತಾಳೆ. ಕಫ್ ನಿವೃತ್ತನಾಗಿ ತನ್ನ ಪ್ರೀತಿಯ ಗುಲಾಬಿ ಬೆಳೆಯಲು ಹೋಗುತ್ತಾನೆ.

ಹಾಗೆ ನೋಡಿದರೆ ಪತ್ತೇದಾರಿ ಕಾದಂಬರಿಯ ಮೊದಲ ಮಹಾ ಪತ್ತೇದಾರನೇ ತಪ್ಪು ಜಾಡು ಹಿಡಿದ. ಇದನ್ನು ಕಾಲಿನ್ಸ್‌ನ ದೌರ್ಬಲ್ಯವೆಂದು ತಿಳಿಯಬಾರದು. ಇದರ ಹಿಂದೆ ಒಂದು ನಿಜವಾದ ಮೊಕದ್ದಮೆ ಇದೆ, ಅದು ಗೊತ್ತಿದ್ದರೆ ಲೇಖಕನ ಜಾಣತನ ಅರ್ಥವಾಗುತ್ತದೆ.

1860ರ ಜೂನ್ ಕೊನೆಯ ರಾತ್ರಿ ಇಂಗ್ಲೆಂಡಿನ ರೋಡ್ ಹಿಲ್ ಹೌಸ್ ಎಂಬ ಮನೆಯಿಂದ ನಾಲ್ಕು ತುಂಬದ ಗಂಡುಮಗುವೊಂದು ಕಾಣೆಯಾಯಿತು. ಆಮೇಲೆ ಅದರ ಹೆಣ ಹೊರಗಿನ ಕಕ್ಕಸಿನಲ್ಲಿ ಸಿಕ್ಕಿತು. ಸ್ಥಳೀಯ ಪೊಲೀಸರು ಯಥಾಪ್ರಕಾರ ಮಗುವಿನ ದಾದಿಯನ್ನು ಸಂಶಯಿಸಿದರು. ಎರಡು ವಾರಗಳ ನಂತರ ಸ್ಕಾಟ್‌ಲೆಂಡ್ ಯಾರ್ಡ್‌ನಿಂದ ಜೊನಾಥನ್ ವಿಚರ್ ಬಂದ. 1842ರಲ್ಲಿ ಲಂಡನ್ ಪೊಲೀಸರು ಮೊಟ್ಟಮೊದಲು ರಚಿಸಿದ ಪತ್ತೇದಾರಿ ದಳದ ಎಂಟು ಮಂದಿಯಲ್ಲಿ ಅವನೂ ಒಬ್ಬ. ಅವನು ಮನೆಯ ಬಟ್ಟೆ ಒಗೆಯಲು ಹಾಕಿದ ಲೆಕ್ಕದ ಪುಸ್ತಕ ತೆಗೆಸಿ ನೋಡಿದ. ಮಗುವಿನ ಮಲಅಕ್ಕ, ಹದಿನಾರು ವರ್ಷದ ಕಾನ್‌ಸ್ಟನ್ಸ್ ಕೆಂಟ್‌ಗೆ ಸೇರಿದ ಮೂರು ರಾತ್ರಿಯಂಗಿಗಳಲ್ಲಿ ಒಂದು ಇರಲಿಲ್ಲ. ವಿಚರ್ ಅವಳನ್ನು ಬಂಧಿಸಿದ.

ಇಂಗ್ಲೆಂಡು ಸಿಡಿದೆದ್ದಿತು, ಕೊಲೆಗಾಗಿ ಅಲ್ಲ, ಬಂಧನಕ್ಕಾಗಿ. ದುಡಿಯುವ ವರ್ಗದಿಂದ ಬಂದ ಒಬ್ಬ ಪೊಲೀಸಿನವನು ದೊಡ್ಡಮನೆಯ ಹುಡುಗಿಯ ಒಳಬಟ್ಟೆಯ ಲೆಕ್ಕ ಕೇಳುವುದೆಂದರೇನು! ಒಂದು ವಾರದಲ್ಲಿ ಹುಡುಗಿ ಬಿಡುಗಡೆಯಾದಳು. ಪತ್ರಿಕೆಗಳು ವಿಚರ್‌ನನ್ನು ಹರಿದು ಹಾಕಿದವು. 1864ರಲ್ಲಿ ಆತ ಆರೋಗ್ಯ ಕೆಟ್ಟು ನಿವೃತ್ತನಾದ. ಮರುವರ್ಷ, 1865ರ ಏಪ್ರಿಲಿನಲ್ಲಿ, ಕಾನ್‌ಸ್ಟನ್ಸ್ ತಾನಾಗಿಯೇ ಲಂಡನ್ನಿನ ನ್ಯಾಯಾಲಯಕ್ಕೆ ಬಂದು ಕೊಲೆ ಮಾಡಿದ್ದು ತಾನೇ ಎಂದು ಒಪ್ಪಿಕೊಂಡಳು. ಮರಣದಂಡನೆ ಜೀವಾವಧಿಯಾಗಿ, ಇಪ್ಪತ್ತು ವರ್ಷ ಸೆರೆಯಲ್ಲಿದ್ದು 1885ರಲ್ಲಿ ಬಿಡುಗಡೆಯಾದಳು. ನಂತರ ಆಸ್ಟ್ರೇಲಿಯಾಕ್ಕೆ ಹೋಗಿ ದಾದಿಯಾಗಿ ಕೆಲಸ ಮಾಡಿ 1944ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡಳು. ಕಾದಂಬರಿಯಲ್ಲಿ ಇಂಥದನ್ನು ಬರೆದರೆ ಯಾರೂ ನಂಬುವುದಿಲ್ಲ.

ಈಗ ‘ಮೂನ್‌ಸ್ಟೋನ್’ ಹೊರಬಂದ ವರ್ಷವನ್ನು ಗಮನಿಸಬೇಕು. ತಪ್ಪೊಪ್ಪಿಗೆಯಾಗಿ ಆಗಷ್ಟೇ ಮೂರು ವರ್ಷವಾಗಿತ್ತು. ಕಾಲಿನ್ಸ್‌ನ ಕಥೆಯಲ್ಲೂ ಕಳೆದುಹೋದ ಒಂದು ರಾತ್ರಿಯಂಗಿ ಇದೆ. ಕಫ್ ಕೂಡ ಒಗೆಯುವ ಬಟ್ಟೆಯ ಲೆಕ್ಕದ ಪುಸ್ತಕ ಕೇಳುತ್ತಾನೆ, ಕಫ್ ಕೂಡ ಮನೆಮಗಳನ್ನೇ ಸಂಶಯಿಸುತ್ತಾನೆ. ವಿಚರ್‌ನನ್ನು ನಂಬದೆ ಮುಖಭಂಗವಾಗಿದ್ದ ಓದುಗ ಈ ಸಲ ಪತ್ತೇದಾರನನ್ನೇ ನಂಬುತ್ತಾನೆ. ಕಾಲಿನ್ಸ್ ಅವನನ್ನು ಅಲ್ಲಿಯೇ ಬೀಳಿಸುತ್ತಾನೆ. ನಿನ್ನೆ ಕಲಿತ ಪಾಠವನ್ನೇ ಇಂದಿನ ಬಲೆಯಾಗಿ ಹೆಣೆಯುವುದು ನಿಗೂಢ ಕಥೆಗಾರನ ಕಸುಬಿನಲ್ಲಿ ಬಹಳ ಮೇಲ್ಮಟ್ಟದ ಕೌಶಲ.

ಹಾಗಿದ್ದರೆ ವಜ್ರ ಕದ್ದದ್ದು ಯಾರು? ಉತ್ತರ ಎರಡು ಹಂತದಲ್ಲಿ ಬರುತ್ತದೆ. ಮೊದಲ ಹಂತದಲ್ಲಿ, ಕಳ್ಳನನ್ನು ಹಿಡಿಯಲು ಎಲ್ಲರಿಗಿಂತ ಹೆಚ್ಚು ಓಡಾಡಿದ ಫ್ರಾಂಕ್ಲಿನ್ ಬ್ಲೇಕ್‌ಗೆ ರೋಸನ್ನಾ ಕುಸಿಮರಳಿನಲ್ಲಿ ಹುದುಗಿಸಿಟ್ಟ ರಾತ್ರಿಯಂಗಿ ಸಿಗುತ್ತದೆ. ಅದರ ಮೇಲೆ ರೇಚಲಳ ಕೋಣೆಯ ಬಾಗಿಲಿನ ಹಸಿಬಣ್ಣದ ಕಲೆ, ಅಂಚಿನಲ್ಲಿ ಅಂಗಿಯ ಒಡೆಯನ ಹೆಸರು. ಆ ಹೆಸರು ಅವನದೇ. ಆ ರಾತ್ರಿ, ಅವನಿಗೆ ತಿಳಿಯದಂತೆ ಕುಡಿಸಿದ್ದ ಅಫೀಮಿನ ಅಮಲಿನಲ್ಲಿ, ವಜ್ರಕ್ಕೆ ಅಪಾಯವಿದೆಯೆಂಬ ಕಳವಳದಿಂದ ಅವನೇ ಎದ್ದು ಅದನ್ನು ತೆಗೆದಿದ್ದ. ರೇಚಲ್ ಅದನ್ನು ಕಣ್ಣಾರೆ ಕಂಡಿದ್ದಳು. ಅಂಗಿಯ ಕಲೆ ರೋಸನ್ನಾಗೆ ಗೊತ್ತಾಗಿತ್ತು. ಒಬ್ಬನನ್ನೇ ಪ್ರೀತಿಸಿದ ಇಬ್ಬರು ಹೆಣ್ಣುಗಳು, ಒಬ್ಬಳು ಒಡತಿ, ಇನ್ನೊಬ್ಬಳು ಕೆಲಸದವಳು, ಅವನನ್ನು ಉಳಿಸಲು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವನಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಹುಡುಕುವವನೇ ಹುಡುಕಬೇಕಾದವನು ಎಂಬ ಈ ಏರ್ಪಾಡು ಗ್ರೀಕರ ಈಡಿಪಸ್ ನಾಟಕದಷ್ಟು ಹಳೆಯದು. ಕಾಲಿನ್ಸ್ ಅದನ್ನು ಬಣ್ಣದ ಕಲೆಗೂ ಅಗಸಗಿತ್ತಿಯ ಲೆಕ್ಕಕ್ಕೂ ಇಳಿಸಿದ.

ಎರಡನೆಯ ಹಂತದಲ್ಲಿ ನಿಜವಾದ ಕಳ್ಳ ಸಿಗುತ್ತಾನೆ. ಅಮಲಿನಲ್ಲಿದ್ದ ಫ್ರಾಂಕ್ಲಿನ್‌ನ ಕೈಯಿಂದ ವಜ್ರವನ್ನು ತೆಗೆದುಕೊಂಡು ಬೆಳಗ್ಗೆ ಏನೂ ಅರಿಯದವನಂತೆ ಕುಳಿತವನು ಗಾಡ್‌ಫ್ರಿ ಏಬಲ್‌ವೈಟ್. ಅವನೂ ರೇಚಲಳ ಬಂಧುವೇ. ವಕೀಲ, ಸುಂದರ, ಸಭೆಗಳಲ್ಲಿ ಕಣ್ಣೀರು ತರಿಸುವಂತೆ ಮಾತಾಡುವವನು, ಮಹಿಳೆಯರ ಧರ್ಮಕಾರ್ಯ ಸಮಿತಿಗಳಿಗೆಲ್ಲ ಆಧಾರಸ್ತಂಭ. ತನ್ನ ವಶದಲ್ಲಿದ್ದ ಒಬ್ಬ ಹುಡುಗನ 20,000 ಪೌಂಡ್ ಹಣ ನುಂಗಿ, ಆ ಗುಂಡಿ ಮುಚ್ಚಲು ವಜ್ರವನ್ನು ಲೇವಾದೇವಿಗಾರನಲ್ಲಿ ಅಡವಿಟ್ಟ.

ಓದುಗ ಇವನನ್ನು ನೂರಾರು ಪುಟ ನೋಡುತ್ತಲೇ ಇರುತ್ತಾನೆ. ಅಷ್ಟಾದರೂ ಸಂಶಯ ಅವನ ಮೇಲೆ ನಿಲ್ಲುವುದಿಲ್ಲ. ಇಲ್ಲಿ ಕಾಲಿನ್ಸ್ ಮಾಡಿದ್ದೇನು? ಕಳ್ಳನನ್ನು ಗೌರವದ ಹಿಂದೆ ಬಚ್ಚಿಟ್ಟ. ಬಣ್ಣ ಕಪ್ಪಾದವರು, ಬಡವರು, ಕುರೂಪಿಗಳು, ಹಿಂದೆ ತಪ್ಪು ಮಾಡಿದವರು, ಇವರ ಕಡೆ ಓದುಗನ ಸಂಶಯ ತಾನಾಗಿ ಹರಿಯುತ್ತದೆ, ಲೇಖಕ ತಳ್ಳಬೇಕಾಗಿಲ್ಲ. ಒಳ್ಳೆಯ ಕೋಟು, ಒಳ್ಳೆಯ ಮಾತು, ಒಳ್ಳೆಯ ಮನೆತನ ಕಂಡಲ್ಲಿ ಅದು ತಾನಾಗಿ ನಿಲ್ಲುತ್ತದೆ. ನೆಲಮಾಳಿಗೆ, ಸುರಂಗ, ಮುಖವಾಡ ಯಾವುದೂ ಬೇಡ, ಓದುಗನ ತಲೆಯೊಳಗೇ ಬೇಕಾದಷ್ಟು ಕತ್ತಲೆ ಕೋಣೆಗಳಿವೆ. ಏಬಲ್‌ವೈಟ್ ಎಂಬ ಹೆಸರಿನಲ್ಲೇ ‘ಬಿಳಿ’ ಇದೆಯೆಂಬುದು ಕಥೆ ಮುಗಿದ ಮೇಲೆ ಹೊಳೆಯುವ ಸಂಗತಿ. ಕೊನೆಗೆ ಅವನು ಮುಖಕ್ಕೆ ಕಂದುಬಣ್ಣ ಬಳಿದು, ಹುಸಿ ಗಡ್ಡ ಕಟ್ಟಿ, ನಾವಿಕನ ವೇಷದಲ್ಲಿ ದೇಶ ಬಿಟ್ಟು ಓಡುವ ಸಿದ್ಧತೆಯಲ್ಲಿದ್ದಾಗ ವಜ್ರ ಅರಸಿ ಬಂದ ಮೂವರು ಭಾರತೀಯರು ಅವನನ್ನು ಕೊಲ್ಲುತ್ತಾರೆ. ನಿವೃತ್ತಿಯಿಂದ ಮರಳಿ ಬಂದ ಕಫ್ ಆ ಹೆಣದ ಮುಖದ ಬಣ್ಣ ತೊಳೆದಾಗ ಒಳಗಿನಿಂದ ಹೊರಬರುವುದು ಆ ಪರೋಪಕಾರಿಯ ಬಿಳಿಮುಖ. ಅಷ್ಟು ಹೊತ್ತಿಗೆ ಕಫ್ ತನ್ನ ತಪ್ಪನ್ನು ತಿದ್ದಿಕೊಂಡು, ಕಳ್ಳನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಮುದ್ರೆ ಹಾಕಿ ಕೊಟ್ಟಿರುತ್ತಾನೆ.

ಮರೆಮಾಚಲು ಕಾಲಿನ್ಸ್ ಬಳಸಿದ ಇನ್ನೊಂದು ಉಪಾಯವನ್ನು ಬರೆಯುವವರು ವಿಶೇಷವಾಗಿ ನೋಡಬೇಕು. ಅದು ನಗು. ಗಾಡ್‌ಫ್ರಿಯ ಬಗ್ಗೆ ಹೆಚ್ಚಿನ ಮಾಹಿತಿ ಬರುವುದು ಮಿಸ್ ಕ್ಲ್ಯಾಕ್ ಎಂಬವಳ ಬರಹದಲ್ಲಿ. ಸಿಕ್ಕಸಿಕ್ಕವರಿಗೆ ಧಾರ್ಮಿಕ ಕರಪತ್ರ ತುರುಕುವ ಈ ಮುದುಕನ್ಯೆಯನ್ನು ಕಂಡು ಓದುಗ ಎಷ್ಟು ನಗುತ್ತಾನೆಂದರೆ, ಅವಳು ಆರಾಧಿಸುವ ಮನುಷ್ಯನನ್ನು ಪರೀಕ್ಷಿಸಲು ಮರೆಯುತ್ತಾನೆ. ಅವಳೂ ಗಾಡ್‌ಫ್ರಿಯೂ ನಡೆಸುವ ಒಂದು ಸಂಘವಿದೆ. ಅಪ್ಪಂದಿರು ಅಡವಿಟ್ಟ ಷರಾಯಿಗಳನ್ನು ಬಿಡಿಸಿಕೊಂಡು ಬಂದು, ಅವರು ಮತ್ತೆ ತೊಡದಂತೆ ಕತ್ತರಿಸಿ ಮಕ್ಕಳಿಗೆ ಹೊಲಿಸಿಕೊಡುವುದು ಅದರ ಘನ ಉದ್ದೇಶ. ಓದುಗ ಹೊಟ್ಟೆ ಹಿಡಿದು ನಗುತ್ತಾನೆ. ಅಡವಿನ ಅಂಗಡಿಯ ಸುಳಿವು ಆ ನಗೆಯಲ್ಲೇ ತೇಲಿಹೋಗುತ್ತದೆ. ಅಫೀಮಿನ ಸುಳಿವುಗಳೂ ಹಾಗೆಯೇ. ಫ್ರಾಂಕ್ಲಿನ್ ಚುರುಟು ಬಿಟ್ಟದ್ದು, ಅದರಿಂದ ನಿದ್ದೆಗೆಟ್ಟದ್ದು, ಹುಟ್ಟುಹಬ್ಬದ ಊಟದಲ್ಲಿ ವೈದ್ಯಶಾಸ್ತ್ರವನ್ನು ಗೇಲಿಮಾಡಿ ಡಾಕ್ಟರನೊಡನೆ ಜಗಳವಾಡಿದ್ದು, ಆ ಡಾಕ್ಟರ್ ಮಳೆಯಲ್ಲಿ ನೆನೆದು ಜ್ವರಕ್ಕೆ ಬಿದ್ದು ನೆನಪು ಕಳೆದುಕೊಂಡದ್ದು, ಎಲ್ಲವನ್ನೂ ಮನೆಯ ಮುದಿ ಪಾರುಪತ್ಯಗಾರ ಬೆಟರೆಜ್ ಹರಟೆಯ ಧಾಟಿಯಲ್ಲಿ ಹೇಳಿಬಿಟ್ಟಿರುತ್ತಾನೆ. ರಹಸ್ಯ ಬಯಲಾದ ಮೇಲೆ ಪುಟ ತಿರುವಿ ನೋಡಿದರೆ ಒಂದೂ ಬಿಟ್ಟುಹೋಗಿಲ್ಲ.

ಇದು ಸಾಧ್ಯವಾದದ್ದು ಕಥೆ ಹೇಳುವ ಕ್ರಮದಿಂದ. ಕಾಲಿನ್ಸ್ ಕಾನೂನು ಓದಿದವನು, 1851ರಲ್ಲಿ ಬ್ಯಾರಿಸ್ಟರ್ ಆದರೂ ವಕೀಲಿಕೆ ಮಾಡಲಿಲ್ಲ. ನ್ಯಾಯಾಲಯದಲ್ಲಿ ಒಬ್ಬರ ನಂತರ ಒಬ್ಬರು ಕಟಕಟೆ ಹತ್ತಿ ತಾವು ಕಂಡಷ್ಟನ್ನೇ ಹೇಳುವ ಕ್ರಮವನ್ನು ಅವನು ಕಾದಂಬರಿಗೆ ತಂದ. ಪಾರುಪತ್ಯಗಾರ, ಕ್ಲ್ಯಾಕ್, ವಕೀಲ, ಫ್ರಾಂಕ್ಲಿನ್, ವೈದ್ಯನ ಸಹಾಯಕ, ಕಫ್ ಹೀಗೆ ಒಬ್ಬೊಬ್ಬರೂ ಬರೆಯುತ್ತಾರೆ. ಷರತ್ತು ಒಂದೇ: ಆಗ ತನಗೆ ಗೊತ್ತಿದ್ದುದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚು ಹೇಳಕೂಡದು. ಬರೆಯುವವರಿಗೆ ಇದರಿಂದ ಆಗುವ ಲಾಭ ದೊಡ್ಡದು. ಲೇಖಕ ತಾನು ಎಲ್ಲೂ ಸುಳ್ಳು ಹೇಳಬೇಕಾಗಿಲ್ಲ. ಪಾತ್ರಗಳ ಅರೆತಿಳಿವಳಿಕೆಯೇ ತೆರೆಯಾಗುತ್ತದೆ.

ಲೇಖಕ ಸುಳ್ಳು ಹೇಳಬಾರದೆಂಬ ನಿಯಮಕ್ಕೂ ಒಂದು ಚರಿತ್ರೆಯಿದೆ. ಪತ್ತೇದಾರಿ ಕಥೆಗೆ 1841ರಲ್ಲಿ ರೂಪ ಕೊಟ್ಟ ಅಮೆರಿಕದ ಎಡ್ಗರ್ ಆಲನ್ ಪೋ, ಡಿಕನ್ಸನ ‘ಬಾರ್ನಬಿ ರಡ್ಜ್’ ಕಾದಂಬರಿಯನ್ನು ವಿಮರ್ಶಿಸುತ್ತ ಒಂದು ಆಕ್ಷೇಪ ಎತ್ತಿದ್ದ. ಗಂಡ ಬದುಕಿರುವ ಒಬ್ಬ ಹೆಂಗಸನ್ನು ಅದರಲ್ಲಿ ‘ವಿಧವೆ’ ಎಂದು ಕರೆಯಲಾಗಿದೆ. ಪಾತ್ರಗಳು ಹಾಗೆ ಕರೆದರೆ ಸರಿ, ಅವುಗಳಿಗೆ ನಿಜ ಗೊತ್ತಿಲ್ಲ. ಲೇಖಕನೇ ತನ್ನ ಮಾತಿನಲ್ಲಿ ಹಾಗೆ ಕರೆದರೆ ಅದು ಮೋಸ ಎಂದು ಪೋ ವಾದಿಸಿದ. ಕೂದಲು ಸೀಳಿದಂತೆ ಕಾಣುವ ಈ ಆಕ್ಷೇಪದ ಮೇಲೆಯೇ ಇಡೀ ಪ್ರಕಾರದ ನೈತಿಕತೆ ನಿಂತಿದೆ. 1929ರಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆಗಳನ್ನೇ ಬರೆದ. ಅಪರಾಧಿ ಕಥೆಯ ಆರಂಭದಲ್ಲೇ ಬಂದಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುವು ಅವುಗಳಲ್ಲಿ ಸೇರಿವೆ. ಕಥೆಯಲ್ಲಿ ಚೀನೀಯನನ್ನು ತರಕೂಡದು ಎಂಬುದೂ ಒಂದು. ಇದೇನು ಜನಾಂಗದ್ವೇಷ ಎಂದು ಇಂದಿನವರು ಹುಬ್ಬು ಹಾರಿಸುತ್ತಾರೆ. ನಾಕ್ಸ್‌ನ ಚುಚ್ಚುಮಾತು ಇದ್ದದ್ದು ಲೇಖಕರ ಮೇಲೆ. ಆ ಕಾಲದ ಅಗ್ಗದ ರೋಚಕ ಕಥೆಗಳಲ್ಲಿ ಏನೂ ತೋಚದಿದ್ದಾಗ ಎಲ್ಲ ಪಾಪವನ್ನೂ ಒಬ್ಬ ಚೀನೀ ಖಳನ ತಲೆಗೆ ಕಟ್ಟುವ ಚಾಳಿಯಿತ್ತು. ಅರವತ್ತು ವರ್ಷ ಮೊದಲೇ ಕಾಲಿನ್ಸ್ ಆ ಚಾಳಿಯನ್ನೇ ಬಲೆಯನ್ನಾಗಿ ಮಾಡಿಕೊಂಡಿದ್ದ. 1926ರಲ್ಲಿ ಅಗಾಥಾ ಕ್ರಿಸ್ಟಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬರೆದಾಗ ಆಕೆ ಮೋಸ ಮಾಡಿದಳೋ ಇಲ್ಲವೋ ಎಂದು ದೊಡ್ಡ ಜಗಳವೇ ಆಯಿತು. ಅದರ ಗುಟ್ಟನ್ನು ಇಲ್ಲಿ ಒಡೆಯುವ ಅಗತ್ಯವಿಲ್ಲ. ಒಂದೊಂದು ವಾಕ್ಯವನ್ನೂ ಪರೀಕ್ಷಿಸಿದರೆ ಆಕೆ ಎಲ್ಲೂ ಸುಳ್ಳು ಬರೆದಿಲ್ಲ ಎಂಬುದಷ್ಟು ಸಾಕು.

ನಿಗೂಢ ಮತ್ತು ತಲ್ಲಣ ಎರಡನ್ನೂ ಒಂದೇ ಎಂದು ತಿಳಿಯುವವರುಂಟು. ಮೊದಲನೆಯದರಲ್ಲಿ ಓದುಗನಿಗೆ ಗೊತ್ತಿಲ್ಲದೆ ಕಾಡುತ್ತದೆ, ಎರಡನೆಯದರಲ್ಲಿ ಗೊತ್ತಿರುವುದೇ ಕಾಡುತ್ತದೆ. ಚಿತ್ರನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದ. ಇಬ್ಬರು ಹರಟುತ್ತ ಕುಳಿತಾಗ ಬಾಂಬು ಸಿಡಿದರೆ ಪ್ರೇಕ್ಷಕ ಬೆಚ್ಚಿಬೀಳುವುದು ಕೆಲವೇ ಕ್ಷಣ. ಬಾಂಬಿದೆಯೆಂದು ಪ್ರೇಕ್ಷಕನಿಗೆ ಮೊದಲೇ ತೋರಿಸಿಬಿಟ್ಟರೆ ಅದೇ ಹರಟೆ ಹದಿನೈದು ನಿಮಿಷ ಉಸಿರು ಬಿಗಿಹಿಡಿಸುತ್ತದೆ. ‘ಮೂನ್‌ಸ್ಟೋನ್’ನಲ್ಲಿ ಎರಡೂ ಇವೆ. ಕಳ್ಳ ಯಾರೆಂಬುದು ನಿಗೂಢ. ಮೂವರು ಭಾರತೀಯರು ವಜ್ರದ ಹಿಂದೆ ಇದ್ದೇ ಇದ್ದಾರೆ, ಪ್ರಾಣ ಕೊಟ್ಟಾದರೂ ಪಡೆಯುತ್ತಾರೆ ಎಂಬುದು ಪೀಠಿಕೆಯಿಂದಲೇ ಗೊತ್ತಿರುವ ತಲ್ಲಣ. ಮೊದಲನೆಯದು ಸಡಿಲವಾದಾಗ ಎರಡನೆಯದು ಕಥೆಯನ್ನು ಎಳೆದುಕೊಂಡು ಹೋಗುತ್ತದೆ.

ಹೀಗೆ ಎಳೆಯಲೇಬೇಕಾದ ಒತ್ತಡವೂ ಇತ್ತು. ಕಾದಂಬರಿ ಡಿಕನ್ಸ್ ಸಂಪಾದಿಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ 32 ಕಂತುಗಳಲ್ಲಿ ಬಂತು. ಅದೇ ದಿನಗಳಲ್ಲಿ ಕಾಲಿನ್ಸ್‌ನ ತಾಯಿ ತೀರಿಕೊಂಡಳು. ಅವನು ಸ್ವತಃ ಕೀಲುನೋವಿನಿಂದ ಹಾಸಿಗೆ ಹಿಡಿದು, ಲಾಡನಮ್ ಎಂಬ ಅಫೀಮಿನ ದ್ರಾವಣ ಕುಡಿಯುತ್ತ ಬರೆದ. ಹಾಸಿಗೆಯಿಂದಲೇ ಹೇಳಿ ಬರೆಸಿದೆನೆಂದು ಆಮೇಲೆ ಅವನೇ ಹೇಳಿಕೊಂಡ. ಹಸ್ತಪ್ರತಿ ನೋಡಿದ ವಿದ್ವಾಂಸರಿಗೆ ಬೇರೆಯವರ ಕೈಬರಹ ಸಿಕ್ಕಿದ್ದು ಕೆಲವೇ ಪುಟಗಳಲ್ಲಿ. ಕಥೆಗಾರ ತನ್ನ ಕಷ್ಟದ ಕಥೆಯನ್ನೂ ಸ್ವಲ್ಪ ರಂಗುಮಾಡಿರಬೇಕು. ಅಫೀಮಿನ ಮಂಪರಿನಲ್ಲಿ ಮಾಡಿದ್ದು ಎಚ್ಚರದಲ್ಲಿ ನೆನಪಿಗೆ ಬಾರದೆಂಬ ಸಂಗತಿಯನ್ನು ಮಾತ್ರ ಅವನು ಪುಸ್ತಕದಿಂದಷ್ಟೇ ಕಲಿತವನಲ್ಲ.

ಆ ಅಫೀಮಿನ ಗುಟ್ಟನ್ನು ಒಡೆಯುವ ಪಾತ್ರವನ್ನೂ ಹೆಸರಿಸಲೇಬೇಕು. ಎಜ್ರಾ ಜೆನ್ನಿಂಗ್ಸ್ ವೈದ್ಯನ ಸಹಾಯಕ, ವಸಾಹತಿನಲ್ಲಿ ಹುಟ್ಟಿದ ಮಿಶ್ರರಕ್ತದವನು, ಅರ್ಧ ಕಪ್ಪು ಅರ್ಧ ಬಿಳಿ ಕೂದಲು, ಕಂಡವರೆಲ್ಲ ದೂರ ಸರಿಯುವ ಮುಖ. ಜ್ವರದಲ್ಲಿ ಬಡಬಡಿಸಿದ ಡಾಕ್ಟರನ ತುಂಡು ಮಾತುಗಳನ್ನು ಬರೆದಿಟ್ಟು, ನಡುವಿನ ಖಾಲಿಗಳನ್ನು ತುಂಬಿ, ಒಂದು ವರ್ಷದ ಮೇಲೆ ಅದೇ ಮನೆಯಲ್ಲಿ ಫ್ರಾಂಕ್ಲಿನ್‌ಗೆ ಮತ್ತೆ ಅಫೀಮು ಕೊಟ್ಟು ಪ್ರಯೋಗ ಮಾಡಿ ಅವನ ನಿರ್ದೋಷವನ್ನು ತೋರಿಸುವವನು ಇವನೇ. ಸ್ಕಾಟ್‌ಲೆಂಡ್ ಯಾರ್ಡ್ ಬಿಡಿಸಲಾರದ ಗಂಟನ್ನು ಊರವರು ಬಾಗಿಲಲ್ಲೇ ನಿಲ್ಲಿಸುವ ಮನುಷ್ಯ ಬಿಡಿಸುತ್ತಾನೆ.

ಇದೆಲ್ಲ 1857ರ ಬಂಡಾಯದ ಹತ್ತು ವರ್ಷಗಳ ಬಳಿಕ ಬರೆದದ್ದು. ಬಂಡಾಯದ ಸುದ್ದಿ ಬಂದಾಗ ಡಿಕನ್ಸ್ ತನ್ನ ಪತ್ರವೊಂದರಲ್ಲಿ ಭಾರತೀಯರನ್ನು ನಿರ್ನಾಮ ಮಾಡಬೇಕೆಂಬ ಅರ್ಥ ಬರುವಂತೆ ಬರೆದಿದ್ದ. ಅಂಥ ಸಂಪಾದಕನ ಪತ್ರಿಕೆಯಲ್ಲಿ, ಅಂಥ ಓದುಗರಿಗೆ, ಸೂರೆ ಹೊಡೆದವನು ಇಂಗ್ಲಿಷ್ ಅಧಿಕಾರಿ, ಕದ್ದವನು ಇಂಗ್ಲಿಷ್ ಸಂಭಾವಿತ, ವಜ್ರದ ಹಕ್ಕುದಾರರು ಭಾರತೀಯರು ಎಂಬ ಕಥೆಯನ್ನು ಉಸಿರು ಬಿಡದೆ ಓದಿಸುವುದು ಸಣ್ಣ ಕೆಲಸವಲ್ಲ. ಭಾಷಣ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮುಂದೇನಾಯಿತು ಎಂಬ ತವಕದಲ್ಲಿ ಅವರು ಅದನ್ನೂ ನುಂಗಿದರು. ಡಿಕನ್ಸ್ ಮೊದಲು ಮೆಚ್ಚಿ, ಕೊನೆಗೆ ಅದರ ಕಟ್ಟಡ ಬೇಸರ ಹುಟ್ಟಿಸುತ್ತದೆಂದು ಗೊಣಗಿದ. ಆಮೇಲೆ ಅವನೇ ಅಫೀಮು ಸೇದುವವನೊಬ್ಬನ ನಿಗೂಢ ಕಥೆಗೆ ಕೈಹಾಕಿ, 1870ರಲ್ಲಿ ಅದು ಅರ್ಧವಾಗುವಷ್ಟರಲ್ಲಿ ತೀರಿಕೊಂಡ. ‘ಎಡ್ವಿನ್ ಡ್ರೂಡ್’ನ ಕೊಲೆಗಾರ ಯಾರೆಂಬ ವಾದ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಈ ಪ್ರಕಾರಕ್ಕೆ ಓದುಗರ ಕೊರತೆ ಎಂದೂ ಇರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ ಎನ್. ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ತೊಡಗಿ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿಕಾರರೇ. ‘ಬಂಗಾರದ ಮನುಷ್ಯ’ ಚಿತ್ರದ ಮೂಲ ಕಾದಂಬರಿ ಬರೆದ ಟಿ. ಕೆ. ರಾಮರಾವ್ ಅವರ ಕುತೂಹಲಭರಿತ ಕಾದಂಬರಿಗಳಿಗಾಗಿ ಓದುಗರು ವಾರಪತ್ರಿಕೆ ಕಾಯುತ್ತಿದ್ದ ಕಾಲವೊಂದಿತ್ತು. ಬಾಡಿಗೆ ಗ್ರಂಥಾಲಯಗಳಲ್ಲಿ ಪುಟ ಹರಿಯುವವರೆಗೆ ಕೈಬದಲಾದ ಈ ಪುಸ್ತಕಗಳು ಎಷ್ಟೋ ಜನರಿಗೆ ಕನ್ನಡ ಓದುವ ಅಭ್ಯಾಸ ಹಿಡಿಸಿದವು. ವಿಮರ್ಶಕರು ಅವುಗಳ ಬಗ್ಗೆ ಹೆಚ್ಚು ಬರೆಯಲಿಲ್ಲ, ಅದು ಅವರ ನಷ್ಟ.

ಮತ್ತೆ ಕಾಲಿನ್ಸ್‌ಗೆ ಬಂದರೆ, ಅವನ ಕಥೆಯ ಕೊನೆಯಲ್ಲಿ ವಜ್ರ ಸೋಮನಾಥದ ದೇವರ ಹಣೆಗೆ ಮರಳುತ್ತದೆ. ಅದನ್ನು ತಂದ ಮೂವರು, ಕಡಲು ದಾಟಿ ಗಾರುಡಿಗರ ವೇಷ ತೊಟ್ಟು ಜಾತಿ ಕಳೆದುಕೊಂಡವರು, ಪ್ರಾಯಶ್ಚಿತ್ತಕ್ಕೆಂದು ಮೂರು ದಿಕ್ಕಿಗೆ ನಡೆದುಹೋಗುತ್ತಾರೆ, ಇನ್ನೆಂದೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅಷ್ಟು ಸಾಕ್ಷಿಗಳನ್ನು ಕರೆದು ಅಷ್ಟು ಹೇಳಿಕೆ ಪಡೆದ ಕಾಲಿನ್ಸ್ ಈ ಮೂವರಲ್ಲಿ ಒಬ್ಬನನ್ನೂ ಕಟಕಟೆಗೆ ಹತ್ತಿಸಲಿಲ್ಲ. ಅವರಿಗೆ ಹೆಸರು ಸಹ ಇಡಲಿಲ್ಲ. ಶ್ರೀರಂಗಪಟ್ಟಣದ ಆಯುಧಶಾಲೆಯಲ್ಲಿ ಸತ್ತ ಆ ಮೊದಲ ಮೂವರಿಗೂ ಹೆಸರಿಲ್ಲ. ಮೇ 4ರ ಆ ರಾತ್ರಿಯ ಕಥೆಯನ್ನು ಬಾಗಿಲ ಈಚೆಯಿಂದ ಬರೆಯುವುದು ಇನ್ನೂ ಬಾಕಿಯಿದೆ.